5.7 ಅಲ್ಲ, 5.2: ನನ್ನ ಹೊಟ್ಟೆಯ ಅಯೋರ್ಟಾ ಮತ್ತು ಸಿಟಿ ಸ್ಕ್ಯಾನ್

ನಾನು ಭದ್ರಾವತಿಯ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ಲೇತ್ ಮುಂದೆ ನಿಂತು ಅಳತೆ ನೋಡುವುದೇ ಬದುಕಿಡೀ ನನ್ನ ಕೆಲಸ. ನಿವೃತ್ತಿಯಾಗಿ ಕೆಲವು ವರ್ಷ ಕಳೆದ ಮೇಲೆ, ನನ್ನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಅಯೋರ್ಟಾದ ಒಂದು ಅಳತೆ ಮನೆಯವರೆಲ್ಲರ ನಿದ್ದೆ ಕೆಡಿಸಿತು. ಆ ಅಳತೆ ಸಿಕ್ಕಿದ್ದು ಹೇಗೆ, ಅದನ್ನು ಸರಿಯಾಗಿ ಓದಿದ್ದು ಹೇಗೆ, ಸಿಟಿ ಸ್ಕ್ಯಾನ್ ಅದರಲ್ಲಿ ಏನೇನು ಮಾಡಿತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನನ್ನ ವಯಸ್ಸಿನವರಿಗೂ ಅವರ ಮಕ್ಕಳಿಗೂ ಇದು ಗೊತ್ತಿರಬೇಕು ಅನ್ನೋ ಆಸೆ ನನಗೆ.

ಶುರುವಾದದ್ದು ಪ್ರಾಸ್ಟೇಟ್‌ನಿಂದ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಡಾಕ್ಟರು ಹೊಟ್ಟೆಯ ಅಲ್ಟ್ರಾಸೌಂಡ್ ಬರೆದುಕೊಟ್ಟರು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಕಿಡ್ನಿ ನೋಡಿದರು, ಮೂತ್ರಕೋಶ ನೋಡಿದರು. ಆಮೇಲೆ ಹೊಕ್ಕುಳಿನ ಸ್ವಲ್ಪ ಮೇಲೆ ಪ್ರೋಬ್ ಇಟ್ಟು ಹಾಗೇ ನಿಂತುಬಿಟ್ಟರು. ಜೆಲ್ ಇನ್ನೊಂದಿಷ್ಟು ಹಾಕಿ ಮತ್ತೆ ಒತ್ತಿದರು.

"ಯಜಮಾನ್ರೇ, ಸಿಗರೇಟು ಸೇದ್ತಿದ್ರಾ?"

"ಸೇದ್ತಿದ್ದೆ ಮೇಡಂ. ರಿಟೈರ್ ಆದ ಮೇಲೆ ಬಿಟ್ಟೆ."

"ಬೆನ್ನು ನೋವು, ಹೊಟ್ಟೆ ನೋವು ಏನಾದ್ರೂ ಇದೆಯಾ?"

ಏನೂ ಇರಲಿಲ್ಲ. ಈ ಕಾಯಿಲೆಯ ಸ್ವಭಾವವೇ ಅದು. ಒಡೆಯುವವರೆಗೆ ಬಹಳಷ್ಟು ಜನರಿಗೆ ಏನೂ ಗೊತ್ತಾಗುವುದಿಲ್ಲ. ರಿಪೋರ್ಟಿನಲ್ಲಿ ಅಬ್ಡಾಮಿನಲ್ ಅಯೋರ್ಟಿಕ್ ಅನ್ಯೂರಿಸಂ, ಅಂದರೆ ಹೊಟ್ಟೆಯ ಅಯೋರ್ಟಾದ ಉಬ್ಬು, ಎಂದು ಬರೆದಿತ್ತು. ಅಗಲ 4.9 ಸೆಂ.ಮೀ. ಕರುಳಿನಲ್ಲಿ ಗಾಳಿ ಜಾಸ್ತಿ ಇರುವುದರಿಂದ ಮೇಲ್ಭಾಗ ಸರಿಯಾಗಿ ಕಾಣುತ್ತಿಲ್ಲ, ಸಿಟಿ ಆಂಜಿಯೋಗ್ರಾಂ (ಡೈ ಬಿಟ್ಟು ರಕ್ತನಾಳ ನೋಡುವ ಸಿಟಿ) ಮಾಡಿಸಿ ಅಂತ ಕೆಳಗೊಂದು ಸಾಲು.

ಅಯೋರ್ಟಾ ಅಂದರೆ ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳ. ಎದೆಯಲ್ಲಿ ಬಾಗಿ ಕೆಳಗಿಳಿದು, ಬೆನ್ನುಮೂಳೆಗೆ ಅಂಟಿಕೊಂಡ ಹಾಗೆ ಹೊಟ್ಟೆಯೊಳಗೆ ಬರುತ್ತದೆ. ದಾರಿಯಲ್ಲಿ ಕರುಳಿಗೆ, ಕಿಡ್ನಿಗಳಿಗೆ ಕವಲು ಕೊಡುತ್ತದೆ. ಹೊಕ್ಕುಳಿನ ಮಟ್ಟಕ್ಕೆ ಬಂದಾಗ ಎರಡಾಗಿ ಒಡೆದು ಎರಡು ಕಾಲಿಗೂ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. 3 ಸೆಂ.ಮೀ. ದಾಟಿದರೆ ಅದನ್ನು ಅನ್ಯೂರಿಸಂ ಅನ್ನುತ್ತಾರೆ. ಹೆಚ್ಚಿನವರಿಗೆ ಉಬ್ಬುವುದು ಕಿಡ್ನಿಯ ಕವಲುಗಳಿಗಿಂತ ಕೆಳಗೆ. ಗಂಡಸರಿಗೆ, 65 ದಾಟಿದವರಿಗೆ, ಬೀಡಿ ಸಿಗರೇಟು ಸೇದಿದವರಿಗೆ, ಬಿಪಿ ಇರುವವರಿಗೆ ಜಾಸ್ತಿ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಇದ್ದರೆ ಇನ್ನೂ ಜಾಸ್ತಿ. ಒಡೆದರೆ ಆಸ್ಪತ್ರೆ ಮುಟ್ಟುವ ಮೊದಲೇ ಎಷ್ಟೋ ಜನ ಹೋಗಿಬಿಡುತ್ತಾರೆ. ಮುಟ್ಟಿದವರಲ್ಲೂ ಎಲ್ಲರೂ ಉಳಿಯುವುದಿಲ್ಲ.

ಸಿಟಿಗೆ ಶಿವಮೊಗ್ಗಕ್ಕೆ ಹೋದೆವು. ಬೆಂಗಳೂರಿನಿಂದ ಮಗಳು ಬಂದಿದ್ದಳು. ಹೋಗುವ ಮೊದಲೇ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿಕೊಂಡು ಬನ್ನಿ ಅಂದಿದ್ದರು. ನಾಳದೊಳಗೆ ಬಿಡುವ ಡೈ ಅಯೋಡಿನ್‌ನಿಂದ ಮಾಡಿದ್ದು. ಅದು ಕಿಡ್ನಿ ಮೂಲಕವೇ ಹೊರಗೆ ಹೋಗಬೇಕು. ಕಿಡ್ನಿ ಸುಸ್ತಾಗಿದ್ದರೆ ಡೈ ಕೊಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ನನ್ನದು ಸರಿ ಇತ್ತು. ನಾಲ್ಕು ಗಂಟೆ ಏನೂ ತಿನ್ನಬೇಡಿ, ನೀರು ಬೇಕಾದರೆ ಕುಡಿಯಿರಿ ಅಂದಿದ್ದರು. ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರು. ಅಸ್ತಮಾ ಇದೆಯಾ, ಹಿಂದೆ ಡೈ ತೆಗೆದುಕೊಂಡಾಗ ಮೈಯೆಲ್ಲ ಗಂಧೆ ಎದ್ದಿತ್ತಾ, ಥೈರಾಯ್ಡ್ ಇದೆಯಾ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೀರಾ ಅಂತೆಲ್ಲ ಅದರಲ್ಲಿತ್ತು. ಸುಮ್ನೆ ಸಹಿ ಹಾಕಿ ಕೊಡುವ ಫಾರಂ ಅಲ್ಲ ಅದು. ಮಗಳು ಒಂದೊಂದೇ ಪ್ರಶ್ನೆ ಓದಿ ಹೇಳಿದಳು, ನಾನು ಉತ್ತರ ಕೊಟ್ಟೆ.

ಒಳಗೆ ಕರೆದಾಗ ಟೆಕ್ನಿಷಿಯನ್ ಹುಡುಗ ಮೊದಲು ಕೇಳಿದ್ದು ಉಡಿದಾರ. "ಬೆಳ್ಳೀದಾ ಸರ್? ತೆಗೀಬೇಕು. ಪ್ಯಾಂಟೂ ತೆಗೀಬೇಕು, ಜಿಪ್ ಇದೆ." ಲೋಹ ಇದ್ದರೆ ಚಿತ್ರದಲ್ಲಿ ಬಿಳಿ ಗೆರೆಗಳು ಚೆಲ್ಲಿಕೊಂಡು, ಬೇಕಾದ ಜಾಗವೇ ಮುಚ್ಚಿಹೋಗುತ್ತದಂತೆ. ಮದುವೆಗೆ ಮುಂಚಿನಿಂದ ಸೊಂಟದಲ್ಲಿದ್ದ ಉಡಿದಾರ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟೆ. ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೊಣಕೈ ಮಡಿಕೆಯ ನಾಳಕ್ಕೆ ಸ್ವಲ್ಪ ದಪ್ಪನೆಯ ಕ್ಯಾನುಲಾ ಚುಚ್ಚಿದರು. ಡೈಯನ್ನು ಒಂದು ಪಂಪು ಜೋರಾಗಿ ತಳ್ಳುತ್ತದೆ. ಸೆಕೆಂಡಿಗೆ 4 ಮಿ.ಲೀ. ಆಸುಪಾಸು. ಸಣ್ಣ ಸೂಜಿಯಾದರೆ ತಡೆಯುವುದಿಲ್ಲ. ಮೊದಲು ಸಲೈನ್ ಬಿಟ್ಟು ನೋಡಿದರು. ತೋಳಿನುದ್ದಕ್ಕೂ ತಣ್ಣಗಾಯಿತು. "ಚುಚ್ಚಿದ ಜಾಗದಲ್ಲಿ ಉರಿ ಬಂದ್ರೆ, ಊತ ಅನ್ನಿಸಿದ್ರೆ ತಕ್ಷಣ ಕೂಗಿ ಸರ್, ಸುಮ್ನಿರ್ಬೇಡಿ" ಅಂದ. ಡೈ ನಾಳದ ಹೊರಗೆ ಸೋರಿದರೆ ತೋಳು ಬಾತುಕೊಳ್ಳುತ್ತದೆ. ಆ ಹುಡುಗ ಎಲ್ಲವನ್ನೂ ಮುಂಚೆಯೇ ಹೇಳಿದ್ದರಿಂದ ಅರ್ಧ ಭಯ ಅಲ್ಲೇ ಹೋಯಿತು.

ಎರಡೂ ಕೈ ತಲೆಯ ಮೇಲೆ. ಮೇಜು ಒಳಗೆ ಹೋಯಿತು. ಸಿಟಿ ಮಷೀನು ಉದ್ದ ಸುರಂಗವಲ್ಲ. ದಪ್ಪನೆಯ ಒಂದು ಉಂಗುರ ಅಷ್ಟೇ. ಮುಖ ಹೊರಗೇ ಇರುತ್ತದೆ, ಉಸಿರು ಕಟ್ಟುವ ಭಾವನೆ ಇಲ್ಲ. ಉಂಗುರದೊಳಗೆ ಎಕ್ಸ್‌ರೇ ಟ್ಯೂಬು ಸುತ್ತುತ್ತದೆ, ಒಂದು ಸುತ್ತಿಗೆ ಅರ್ಧ ಸೆಕೆಂಡಿಗಿಂತ ಕಡಿಮೆ. ಒಳಗಿನಿಂದ ಅದರ ಮೊರೆತ ಕೇಳುತ್ತಿತ್ತು. ಬೇರಿಂಗ್ ಚೆನ್ನಾಗಿರುವ ಮಷೀನಿನ ಸದ್ದು ಅದು. ನನಗೆ ಹಿಡಿಸಿತು.

ಮೊದಲು ಡೈ ಇಲ್ಲದೆ ಒಂದು ಸಲ ತೆಗೆದರು. ಆಮೇಲೆ ಮೈಕಿನಲ್ಲಿ "ಸರ್, ಈಗ ಡೈ ಬಿಡ್ತೀವಿ, ಬಿಸಿ ಆಗತ್ತೆ" ಅಂದರು. ಮೊದಲು ಗಂಟಲಿಗೆ ಬಿಸಿ ಬಂತು. ನಾಲಿಗೆಯಲ್ಲಿ ಕಬ್ಬಿಣದ ಚೂರು ಇಟ್ಟ ಹಾಗೆ ರುಚಿ. ಬಿಸಿ ಎದೆಗಿಳಿಯಿತು, ಹೊಟ್ಟೆಗಿಳಿಯಿತು, ತೊಡೆ ಸಂದಿಯಲ್ಲಿ ನಿಂತಿತು. ಉಚ್ಚೆ ಹೋಗಿಯೇಬಿಟ್ಟಿತು ಅನ್ನಿಸಿತು. ಎಲ್ಲರಿಗೂ ಹಾಗನ್ನಿಸುತ್ತದೆ, ನಿಜವಾಗಿ ಏನೂ ಆಗಿರುವುದಿಲ್ಲ ಅಂತ ಹುಡುಗ ಹೇಳಿದ್ದ. ಅಷ್ಟರಲ್ಲಿ ಮಷೀನಿನ ದನಿ: ಉಸಿರು ಒಳಗೆ ಎಳೆಯಿರಿ, ಹಿಡಿಯಿರಿ. ಮೇಜು ಸರ್ರನೆ ಸರಿಯಿತು. ಉಸಿರು ಬಿಡಿ ಅನ್ನುವಷ್ಟರಲ್ಲಿ ಎದೆಯ ಕೆಳಗಿನಿಂದ ತೊಡೆಯವರೆಗೆ ಮುಗಿದಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ತೆಗೆದರು.

ಈ ಸಮಯ ಹೊಂದಿಸುವುದರಲ್ಲೇ ಇಡೀ ಜಾಣ್ಮೆ ಇದೆ. ಡೈ ಅಯೋರ್ಟಾದಲ್ಲಿ ತುಂಬಿ ಹರಿಯುವುದು ಕೆಲವೇ ಸೆಕೆಂಡು. ಮುಂಚೆ ತೆಗೆದರೆ ನಾಳ ಮಸುಕು. ತಡವಾದರೆ ಡೈ ಎಲ್ಲ ಕಡೆ ಹರಡಿ ಗೊಂದಲ. ಅದಕ್ಕೆ ಅಯೋರ್ಟಾದ ಮೇಲೆ ಒಂದು ಸಣ್ಣ ವೃತ್ತ ಗುರುತು ಮಾಡಿ ಇಟ್ಟಿರುತ್ತಾರೆ. ಅಲ್ಲಿ ರಕ್ತದ ಬಿಳುಪು ಗೊತ್ತುಮಾಡಿದ ಸಂಖ್ಯೆ ದಾಟಿದ ಕ್ಷಣ ಮಷೀನು ತಾನೇ ಹೊರಡುತ್ತದೆ. ಕ್ಯಾನುಲಾ ತೆಗೆಯದೆ ಅರ್ಧ ಗಂಟೆ ಹೊರಗೆ ಕೂರಿಸಿದರು, ಅಲರ್ಜಿ ಏನಾದರೂ ಕಾಣಿಸುತ್ತದಾ ಅಂತ. ಆ ಹೊತ್ತಿನಲ್ಲೇ ಹುಡುಗ ನನಗೆ ಇದನ್ನೆಲ್ಲ ವಿವರಿಸಿದ್ದು. ನೀರು ಚೆನ್ನಾಗಿ ಕುಡಿಯಿರಿ ಅಂದು ಕಳಿಸಿದರು.

ಸಂಜೆ ರಿಪೋರ್ಟ್ ಬಂತು. ಅಗಲ 5.7 ಸೆಂ.ಮೀ.

ಮಗಳು ಮೊಬೈಲಿನಲ್ಲಿ ಹುಡುಕಿದಳು. ಗಂಡಸರಿಗೆ 5.5 ದಾಟಿದರೆ ಆಪರೇಷನ್. ಅಲ್ಟ್ರಾಸೌಂಡಿನಲ್ಲಿ 4.9 ಇದ್ದದ್ದು ಇಷ್ಟು ಬೇಗ 5.7 ಆಯಿತಾ ಅಂತ ಅವಳಿಗೆ ಗಾಬರಿ. ಹೆಂಡತಿ ಅವತ್ತು ರಾತ್ರಿ ಊಟ ಮಾಡಲಿಲ್ಲ. ಬಾವಿಯಿಂದ ನೀರು ಸೇದಬೇಡಿ, ಗ್ಯಾಸ್ ಸಿಲಿಂಡರ್ ಎತ್ತಬೇಡಿ, ಜೋರಾಗಿ ಕೆಮ್ಮಬೇಡಿ ಅಂತ ಒಂದೊಂದೇ ನಿಷೇಧ ಶುರುವಾಯಿತು.

ಬೆಂಗಳೂರಿನ ವ್ಯಾಸ್ಕುಲರ್ ಸರ್ಜನ್ ಒಬ್ಬರ ಹತ್ತಿರ ಹೋದೆವು. ರಕ್ತನಾಳದ ಸರ್ಜನ್‌ಗಳು ಬೇರೆ, ಹೃದಯದ ಡಾಕ್ಟರು ಬೇರೆ ಅನ್ನೋದು ನನಗೆ ಗೊತ್ತಾದದ್ದೇ ಆಗ. ಅವರು ಫಿಲ್ಮ್‌ಗಳನ್ನು ಲೈಟ್ ಬಾಕ್ಸಿಗೆ ಹಾಕಲೇ ಇಲ್ಲ. ಸಿಡಿ ಕೇಳಿದರು. ಸಿಡಿ ಹಾಕಿ ನೋಡಿ, "ಇದರಲ್ಲಿ 5 ಮಿ.ಮೀ. ದಪ್ಪದ ಸ್ಲೈಸ್ ಮಾತ್ರ ಇದೆ. ನನಗೆ 1 ಮಿ.ಮೀ.ದು ಬೇಕು" ಅಂದರು. ಸ್ಲೈಸ್ ಅಂದರೆ ಮೈಯನ್ನು ಅಡ್ಡಕ್ಕೆ ಕೊಯ್ದ ಹಾಗೆ ತೋರಿಸುವ ಒಂದೊಂದು ಚಿತ್ರ. ಮಗಳು ಆ ಸೆಂಟರಿಗೆ ಫೋನ್ ಮೇಲೆ ಫೋನ್ ಮಾಡಿದಳು. ಮೊದಲು ಆಗಲ್ಲ ಅಂದರು, ಆಮೇಲೆ ಪೆನ್‌ಡ್ರೈವ್ ತಂದರೆ ಕೊಡುತ್ತೇವೆ ಅಂದರು. ಶಿವಮೊಗ್ಗದಲ್ಲಿದ್ದ ಅವಳ ಸ್ನೇಹಿತೆ ಹೋಗಿ ತೆಗೆದುಕೊಂಡು ಕಳಿಸಿದಳು. ಇದನ್ನು ಓದುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಅಯೋರ್ಟಾದ ಸಿಟಿ ಮಾಡಿಸಿದ ದಿನವೇ ತೆಳು ಸ್ಲೈಸ್‌ಗಳ ಡೇಟಾ ಕೇಳಿ ತೆಗೆದುಕೊಳ್ಳಿ. ಎಲ್ಲ ಕಡೆ ಅದನ್ನು ಬಹಳ ಕಾಲ ಇಟ್ಟಿರುವುದಿಲ್ಲ. ಕಳೆದರೆ ಮತ್ತೆ ಡೈ, ಮತ್ತೆ ಎಕ್ಸ್‌ರೇ, ಮತ್ತೆ ದುಡ್ಡು.

ಪೆನ್‌ಡ್ರೈವ್ ಸಿಕ್ಕ ಮೇಲೆ ಸರ್ಜನ್ ನಮ್ಮನ್ನು ಪಕ್ಕದ ಕೋಣೆಯ ಕಂಪ್ಯೂಟರ್ ಮುಂದೆ ಕೂರಿಸಿಕೊಂಡರು. ಆ ಹೊತ್ತನ್ನು ನಾನು ಮರೆಯುವುದಿಲ್ಲ. ಪರದೆಯ ಮೇಲೆ ನನ್ನ ಬೆನ್ನುಮೂಳೆ, ಅದರ ಮುಂದೆ ಬೆಳ್ಳಗೆ ಹೊಳೆಯುವ ಅಯೋರ್ಟಾ. ನಾನು ನೆಟ್ಟಗಿರುತ್ತದೆ ಅಂದುಕೊಂಡಿದ್ದೆ. ಇಲ್ಲ. ಉಬ್ಬಿದ ಜಾಗದಲ್ಲಿ ಅದು ಮುಂದಕ್ಕೆ, ಎಡಕ್ಕೆ ವಾಲಿತ್ತು. ವಯಸ್ಸಾದಂತೆ, ಉಬ್ಬಿದಂತೆ ನಾಳ ಉದ್ದವೂ ಆಗುತ್ತದೆ, ಜಾಗ ಸಾಲದೆ ಬಾಗುತ್ತದೆ ಅಂದರು.

"ನೀವು ಏನು ಕೆಲಸ ಮಾಡ್ತಿದ್ರಿ?"

"ಟರ್ನರ್ ಸರ್."

"ಹಾಗಾದ್ರೆ ನಿಮಗೆ ಹೇಳೋದು ಸುಲಭ. ಪೈಪನ್ನ ಓರೆಯಾಗಿ ಕೊಯ್ದು ಅಗಲ ಅಳೆದ್ರೆ ಏನಾಗತ್ತೆ?"

ಹೇಳಬೇಕಾಗಿಯೇ ಇರಲಿಲ್ಲ. ಓರೆಯಾಗಿ ಕೊಯ್ದ ಪೈಪಿನ ಬಾಯಿ ಗುಂಡಗಿರುವುದಿಲ್ಲ, ಮೊಟ್ಟೆಯಾಕಾರಕ್ಕೆ ಬರುತ್ತದೆ. ಆ ಉದ್ದದ ಕಡೆಗೆ ವರ್ನಿಯರ್ ಹಿಡಿದರೆ ತಪ್ಪು ಅಳತೆ. ಸಿಟಿ ನಮ್ಮ ಮೈಯನ್ನು ಅಡ್ಡಕ್ಕೆ, ನಿಂತವರನ್ನು ನೆಲಕ್ಕೆ ಸಮನಾಗಿ ಕೊಯ್ದ ಹಾಗೆ ತೋರಿಸುತ್ತದೆ. ನಾಳ ವಾಲಿದ್ದ ಕಡೆ ಆ ಸ್ಲೈಸು ಓರೆಯಾಗಿಯೇ ಬೀಳುತ್ತದೆ. ಶಿವಮೊಗ್ಗದ ರಿಪೋರ್ಟಿನ 5.7 ಆ ಮೊಟ್ಟೆಯ ಉದ್ದದ ಕಡೆಯ ಅಳತೆ.

ಸರ್ಜನ್ ನಾಳದ ಮಧ್ಯದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದರು. ಕಂಪ್ಯೂಟರ್ ಆ ಗೆರೆಯನ್ನು ಹಿಡಿದು ನಾಳವನ್ನು ನೆಟ್ಟಗೆ ಮಾಡಿ ತೋರಿಸಿತು. ಈಗ ಗೆರೆಗೆ ಸರಿಯಾಗಿ ಲಂಬವಾಗಿ ಅಡ್ಡ ಕೊಯ್ತ. ಮೊಟ್ಟೆ ಗುಂಡಗಾಯಿತು. ಹೊರಗೋಡೆಯಿಂದ ಹೊರಗೋಡೆಗೆ ಅಳೆದರು. 5.2.

ಮಗಳು ನನ್ನ ಕೈ ಹಿಡಿದುಕೊಂಡಳು. ಅರ್ಧ ಸೆಂಟಿಮೀಟರು. ಅದರ ಒಂದು ಕಡೆ ಆಪರೇಷನ್ ಟೇಬಲ್, ಇನ್ನೊಂದು ಕಡೆ ಮನೆ.

ಹೊರಗೋಡೆಯಿಂದ ಯಾಕೆ ಅಂತ ಕೇಳಿದೆ. ಅದಕ್ಕೆ ಅವರು ತೋರಿಸಿದ್ದು ನನಗೆ ಇಡೀ ಸಿಟಿಯ ಬೆಲೆ ಏನು ಅನ್ನೋದನ್ನು ತಿಳಿಸಿತು. ಉಬ್ಬಿನೊಳಗೆ ಎಲ್ಲ ಕಡೆ ಬಿಳಿ ಇರಲಿಲ್ಲ. ನಡುವೆ ಬಿಳಿ, ಸುತ್ತ ಬೂದು. ಬೂದು ಅಂದರೆ ಗೋಡೆಗೆ ಮೆತ್ತಿಕೊಂಡ ಹೆಪ್ಪುಗಟ್ಟಿದ ರಕ್ತ. ಹೊರಗೋಡೆಯಲ್ಲಿ ಅಲ್ಲಲ್ಲಿ ಸುಣ್ಣ ಕಟ್ಟಿದ ಚುಕ್ಕೆಗಳು. ಮೌಸನ್ನು ಬಿಳಿಯ ಮೇಲೆ ಇಟ್ಟರು, 350ರ ಹತ್ತಿರದ ಸಂಖ್ಯೆ ಬಂತು. ಬೂದಿನ ಮೇಲೆ ಇಟ್ಟರು, 40ರ ಹತ್ತಿರ. ಸುಣ್ಣದ ಮೇಲೆ ಇಟ್ಟರೆ ಇನ್ನೂ ಎಷ್ಟೋ ಮೇಲೆ. ಇವು ಹೌನ್ಸ್‌ಫೀಲ್ಡ್ ಸಂಖ್ಯೆಗಳು. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಉಳಿದದ್ದೆಲ್ಲ ಅದೇ ಮಾಪನದಲ್ಲಿ. ತೊಡೆಯಿಂದ ತೂರಿಸಿದ ಕೊಳವೆಯ ಮೂಲಕ ಡೈ ಬಿಟ್ಟು ಎಕ್ಸ್‌ರೇ ತೆಗೆಯುವ ಹಳೆಯ ಆಂಜಿಯೋಗ್ರಾಂನಲ್ಲಿ ರಕ್ತ ಹರಿಯುವ ದಾರಿ ಮಾತ್ರ ಕಾಣುತ್ತದೆ. ಹೆಪ್ಪು ಕಾಣುವುದಿಲ್ಲ, ಗೋಡೆ ಕಾಣುವುದಿಲ್ಲ. ಹೆಪ್ಪು ಜಾಸ್ತಿ ಇದ್ದರೆ ಉಬ್ಬಿದ ನಾಳವೂ ಹೆಚ್ಚುಕಡಿಮೆ ಸರಿಯಾಗಿಯೇ ಇರುವ ಹಾಗೆ ತೋರುತ್ತದೆ. ಸಿಟಿ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ಒಡೆಯುವುದು ಹೊರಗೋಡೆ, ಆದ್ದರಿಂದ ಅಳೆಯಬೇಕಾದದ್ದೂ ಹೊರಗೋಡೆ.

ಆ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇಂಗ್ಲೆಂಡಿನ ಇಎಂಐ ಕಂಪನಿಯ ಇಂಜಿನಿಯರು ಅಂತ ಆಮೇಲೆ ಓದಿ ನನಗೆ ಬಹಳ ಖುಷಿಯಾಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಅವರ ಮಷೀನಿನಿಂದ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಅದಕ್ಕಿಂತ ಮುಂಚೆ ಏನಿತ್ತು ಅನ್ನೋದಕ್ಕೆ ಐನ್‌ಸ್ಟೈನ್ ಕಥೆ ಸಾಕು. ಅವರಿಗೂ ಇದೇ ಕಾಯಿಲೆ. 1948ರಲ್ಲಿ ಡಾಕ್ಟರ್ ರುಡಾಲ್ಫ್ ನಿಸ್ಸೆನ್ ಹೊಟ್ಟೆ ತೆರೆದು ನೋಡಿದಾಗಲೇ ಅಯೋರ್ಟಾ ಉಬ್ಬಿರುವುದು ಕಂಡದ್ದು. ಅದರ ಸುತ್ತ ಸೆಲೊಫೇನ್ ಹಾಳೆ ಸುತ್ತಿ ಗಟ್ಟಿಮಾಡಲು ನೋಡಿದರು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಆಪರೇಷನ್ ಬೇಡ ಅಂದರು, ತೀರಿಕೊಂಡರು. ಅಷ್ಟು ದೊಡ್ಡ ಮನುಷ್ಯನ ಹೊಟ್ಟೆಯೊಳಗೆ ಏನಿದೆ ಅಂತ ನೋಡಲು ಚಾಕುವೇ ಬೇಕಿತ್ತು. ನನಗೆ ಕೆಲವು ಸೆಕೆಂಡು ಉಸಿರು ಹಿಡಿದರೆ ಸಾಕಾಯಿತು.

5.2ಕ್ಕೆ ಯಾಕೆ ಆಪರೇಷನ್ ಬೇಡ ಅನ್ನೋದನ್ನೂ ಸರ್ಜನ್ ವಿವರಿಸಿದರು. 4ರಿಂದ 5.5 ಸೆಂ.ಮೀ.ವರೆಗಿನ ಅನ್ಯೂರಿಸಂ ಇದ್ದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಆಪರೇಷನ್, ಇನ್ನೊಂದಕ್ಕೆ ಬರೀ ಸ್ಕ್ಯಾನ್ ಮಾಡಿ ಕಾಯುವುದು, ಹೀಗೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ದೊಡ್ಡ ಪರೀಕ್ಷೆಗಳಾದವು. 1998ರಲ್ಲಿ ಒಂದರ, 2002ರಲ್ಲಿ ಇನ್ನೊಂದರ ಫಲಿತಾಂಶ ಬಂತು. ಮುಂಚೆಯೇ ಆಪರೇಷನ್ ಮಾಡಿಸಿಕೊಂಡವರು ಕಾದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. ಹಾಗಾಗಿ ಗಂಡಸರಿಗೆ 5.5ರ ಗೆರೆ. ಹೆಂಗಸರಿಗೆ 5ಕ್ಕೇ ಯೋಚಿಸುತ್ತಾರೆ. ವರ್ಷದಲ್ಲಿ 1 ಸೆಂ.ಮೀ.ಗಿಂತ ಜಾಸ್ತಿ ಬೆಳೆದರೆ, ಅಥವಾ ನೋವು ಬಂದರೆ, ಗೆರೆ ಕಾಯುವುದಿಲ್ಲ.

ಅಲ್ಟ್ರಾಸೌಂಡಿನ 4.9 ಸುಳ್ಳಲ್ಲ ಅಂತಲೂ ಹೇಳಿದರು. ಅಲ್ಟ್ರಾಸೌಂಡು ಸಾಮಾನ್ಯವಾಗಿ ಸಿಟಿಗಿಂತ ಕೆಲವು ಮಿ.ಮೀ. ಕಡಿಮೆ ತೋರಿಸುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬೆಳೆದಿದೆ ಅನ್ನಬಾರದು. ಅಲ್ಟ್ರಾಸೌಂಡಿಗೆ ಅಲ್ಟ್ರಾಸೌಂಡು, ಸಿಟಿಗೆ ಸಿಟಿ.

ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಅಂತ ಆಯಿತು. ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ಶುರುವಾದವು. ಕಾಯುವ ಕಾಲ ಸುಲಭ ಅಲ್ಲ ಅಂತ ಮಾತ್ರ ಹೇಳುತ್ತೇನೆ. ರಾತ್ರಿ ಅಂಗಾತ ಮಲಗಿದರೆ ಹೊಕ್ಕುಳಿನ ಮೇಲೆ ಅಂಗೈ ಇಟ್ಟಾಗ ಮಿಡಿತ ಕೈಗೆ ಬರುತ್ತಿತ್ತು. ಹೆಂಡತಿ ನನ್ನ ಕೈ ತೆಗೆದು ಪಕ್ಕಕ್ಕೆ ಇಡುತ್ತಿದ್ದಳು. "ಅದನ್ನೇ ಮುಟ್ಟಿ ನೋಡ್ತಾ ಇರ್ಬೇಡಿ ರೀ, ನಿದ್ದೆ ಮಾಡಿ" ಅನ್ನುತ್ತಿದ್ದಳು.

ಒಂದು ಸಲದ ಅಲ್ಟ್ರಾಸೌಂಡಿನಲ್ಲಿ 5.4 ಬಂತು. ಮತ್ತೆ ಸಿಟಿ. ಈ ಸಲ ಸರ್ಜನ್ ಹೇಳಿದ ಕಡೆಯೇ, ತೆಳು ಸ್ಲೈಸು. ಲಂಬವಾಗಿ ಅಳೆದಾಗ 5.6.

ಮೊದಲ ಸಿಟಿ ತೆಗೆದದ್ದು ಉಬ್ಬು ಇದೆಯಾ, ಎಷ್ಟಿದೆ ಅನ್ನೋ ಪ್ರಶ್ನೆಗೆ. ಎರಡನೆಯದು ಆಪರೇಷನ್ನಿನ ನಕ್ಷೆಗೆ. ಹೊಟ್ಟೆ ತೆರೆದು ಉಬ್ಬಿದ ಭಾಗಕ್ಕೆ ಬಟ್ಟೆಯ ನಾಳ ಹೊಲಿಯುವುದು ಒಂದು ದಾರಿ. ತೊಡೆ ಸಂದಿಯ ನಾಳದಿಂದ ಸ್ಟೆಂಟ್ ಗ್ರಾಫ್ಟನ್ನು (ಲೋಹದ ಜಾಲರಿ ಇರುವ ಬಟ್ಟೆಯ ಕೊಳವೆ) ಮಡಚಿ ತೂರಿಸಿ, ಉಬ್ಬಿನೊಳಗೆ ಬಿಚ್ಚಿ ಕೂರಿಸುವುದು ಇನ್ನೊಂದು. ಇದಕ್ಕೆ ಇವಾರ್ ಅನ್ನುತ್ತಾರೆ. ಅರ್ಜೆಂಟೀನಾದ ಡಾಕ್ಟರ್ ಹುವಾನ್ ಪರೋಡಿ 1990ರ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೊಟ್ಟೆಯ ಅನ್ಯೂರಿಸಂಗೆ ಇದನ್ನು ಮಾಡಿ ದಾರಿ ತೋರಿಸಿದರು. ನನಗೆ ಯಾವುದು ಸರಿ ಅನ್ನೋದನ್ನು ತೀರ್ಮಾನಿಸಿದ್ದು ವಯಸ್ಸೊಂದೇ ಅಲ್ಲ, ಸಿಟಿಯ ಅಳತೆಗಳು.

ಕಿಡ್ನಿಯ ಕವಲಿನಿಂದ ಉಬ್ಬು ಶುರುವಾಗುವವರೆಗಿನ ಸರಿಯಾದ ಭಾಗಕ್ಕೆ ಕತ್ತು ಅನ್ನುತ್ತಾರೆ. ಗ್ರಾಫ್ಟ್ ಕಚ್ಚಿಕೊಂಡು ನಿಲ್ಲಬೇಕಾದ್ದು ಅಲ್ಲಿಯೇ. ಅದು ಕನಿಷ್ಠ 10ರಿಂದ 15 ಮಿ.ಮೀ. ಉದ್ದ ಇರಬೇಕು, ಜಾಸ್ತಿ ಬಾಗಿರಬಾರದು, ಒಳಗೋಡೆಯಲ್ಲಿ ಹೆಪ್ಪು, ಸುಣ್ಣ ತುಂಬಿರಬಾರದು. ನನ್ನದು 22 ಮಿ.ಮೀ. ಉದ್ದ, 23 ಮಿ.ಮೀ. ಅಗಲ. ಗ್ರಾಫ್ಟ್‌ನ ಅಗಲ 26. ನಾಳಕ್ಕಿಂತ ಹತ್ತರಿಂದ ಇಪ್ಪತ್ತು ಶೇಕಡಾ ದೊಡ್ಡದನ್ನೇ ಆರಿಸುತ್ತಾರೆ, ನಾಳದ ಗೋಡೆಗೆ ಒತ್ತಿ ಹಿಡಿಯಲಿ ಅಂತ. ಆಮೇಲೆ ಕಾಲಿನ ಕಡೆಯ ಎರಡು ಕವಲುಗಳು. ಗ್ರಾಫ್ಟ್ ಹೊತ್ತ ಕೊಳವೆ ಅವುಗಳ ಮೂಲಕವೇ ಹತ್ತಬೇಕು. ತೀರಾ ಸಣ್ಣಗಿದ್ದರೆ, ಸುಣ್ಣ ಕಟ್ಟಿ ಗಟ್ಟಿಯಾಗಿದ್ದರೆ ಹತ್ತುವುದಿಲ್ಲ. ನನ್ನ ಬಲಗಡೆಯದು ಅಗಲವಾಗಿತ್ತು, ಎಡಗಡೆಯದು ಸ್ವಲ್ಪ ಅಂಕುಡೊಂಕು. ಮುಖ್ಯ ಭಾಗ ಬಲದಿಂದ ಅಂತ ಸಿಟಿ ನೋಡಿಯೇ ನಿರ್ಧಾರವಾಯಿತು. ಎಲ್ಲ ಅಳತೆಯನ್ನೂ ಸರ್ಜನ್ ಕೈಯಿಂದ ಒಂದು ಕಾಗದದ ಮೇಲೆ ಬರೆದರು. ಮೇಲಿನಿಂದ ಕೆಳಗೆ ಉದ್ದ, ಅಗಲ, ಕೋನ. ವರ್ಕ್‌ಶಾಪಿನಲ್ಲಿ ನನ್ನ ಮುಂದೆ ಬರುತ್ತಿದ್ದ ಡ್ರಾಯಿಂಗ್‌ಗಳನ್ನು ನೋಡಿದ ಕಣ್ಣಿಗೆ ಅದು ತೀರಾ ಪರಿಚಿತ. ಒಂದು ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಮಗಳು ವಿಕಿರಣದ ಬಗ್ಗೆ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ ಅದು. ಹೊಟ್ಟೆಯ ಸಿಟಿ ಒಂದು ಸಲ ತೆಗೆದರೆ ಸುಮಾರು 8ರಿಂದ 10 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ಸಹಜವಾಗಿ ಮೂರ್ನಾಲ್ಕು ವರ್ಷದಲ್ಲಿ ಬರುವಷ್ಟು. ಎರಡು ಮೂರು ಸುತ್ತು ತೆಗೆದರೆ ಅಷ್ಟೇ ಜಾಸ್ತಿ. "ಇಪ್ಪತ್ತೈದರ ಹುಡುಗನಾದ್ರೆ ನಾನೂ ಹಿಂದೆಮುಂದೆ ನೋಡ್ತಿದ್ದೆ. ನಿಮ್ಮ ತಂದೆಗೆ ಈ ನಾಳದ ಅಪಾಯವೇ ದೊಡ್ಡದು" ಅಂದರು. ಬೇಡದ ಕಡೆ ಸಿಟಿ ಮಾಡುವುದಿಲ್ಲ, ನಡುವಿನ ತಪಾಸಣೆಗೆ ಅಲ್ಟ್ರಾಸೌಂಡ್ ಇರುವುದೇ ಅದಕ್ಕೆ ಅಂತಲೂ ಹೇಳಿದರು.

ಆಪರೇಷನ್ ಬಗ್ಗೆ ಹೆಚ್ಚು ಬರೆಯಲು ನನ್ನ ಹತ್ತಿರ ಏನಿಲ್ಲ. ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಎರಡೂ ತೊಡೆ ಸಂದಿಯಲ್ಲಿ ಸಣ್ಣ ಗಾಯ. ಮಾರನೇ ದಿನ ನಡೆಸಿದರು. ಖರ್ಚು ಮಾತ್ರ ಸಣ್ಣದಲ್ಲ, ಗ್ರಾಫ್ಟ್ ಒಂದಕ್ಕೇ ಲಕ್ಷಗಟ್ಟಲೆ. ವಿಮೆ ಅಥವಾ ಸರ್ಕಾರಿ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಅನ್ನೋದನ್ನು ದಾಖಲಾಗುವ ಮೊದಲೇ ಬರಹದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ತಿಂಗಳಿಗೆ ಮತ್ತೆ ಸಿಟಿ. ಇವಾರ್ ಆದವರಿಗೆ ಇದು ಬಿಡುವ ಹಾಗಿಲ್ಲ. ಈಗ ನನಗೆ ಆ ಬಿಸಿಯೂ ಗೊತ್ತು, ಕಬ್ಬಿಣದ ರುಚಿಯೂ ಗೊತ್ತು. ಉಡಿದಾರ ಮನೆಯಲ್ಲೇ ಬಿಚ್ಚಿಟ್ಟು ಹೋಗಿದ್ದೆ. ನೋಡುವುದು ಮುಖ್ಯವಾಗಿ ಎರಡು: ಗ್ರಾಫ್ಟ್ ಇಟ್ಟ ಜಾಗದಲ್ಲೇ ಇದೆಯಾ, ಅದರ ಹೊರಗೆ ಉಳಿದ ಹಳೆಯ ಉಬ್ಬಿನ ಚೀಲಕ್ಕೆ ರಕ್ತ ಇನ್ನೂ ಹೋಗುತ್ತಿದೆಯಾ. ಇಲ್ಲಿ ಮೂರು ಸುತ್ತಿನ ಅರ್ಥ ನನಗೆ ಸರಿಯಾಗಿ ತಿಳಿಯಿತು. ಡೈ ಇಲ್ಲದ ಚಿತ್ರದಲ್ಲಿ ಸುಣ್ಣದ ಚುಕ್ಕೆಗಳು ಬೆಳ್ಳಗೆ ಕಾಣುತ್ತವೆ. ಡೈ ಬಿಟ್ಟ ಮೇಲೆ ಚೀಲದಲ್ಲಿ ಹೊಸ ಬಿಳಿ ಕಂಡರೆ ಅದು ಸುಣ್ಣವಲ್ಲ, ಸೋರಿದ ರಕ್ತ. ನಿಧಾನವಾಗಿ ತುಂಬುವ ಸೋರಿಕೆ ತಡವಾಗಿ ತೆಗೆದ ಚಿತ್ರದಲ್ಲಿ ಮಾತ್ರ ಸಿಗುತ್ತದೆ. ನನಗೆ ಸಿಕ್ಕಿದ್ದು ಹಾಗೆಯೇ. ಮೂರನೇ ಸುತ್ತಿನಲ್ಲಿ ಚೀಲದ ಹಿಂಭಾಗದಲ್ಲಿ, ಬೆನ್ನುಮೂಳೆಯ ಕಡೆ, ಕಡಲೆಬೇಳೆಯಷ್ಟು ಬಿಳಿ.

"ಇದು ಟೈಪ್ ಎರಡು ಎಂಡೋಲೀಕ್" ಅಂದರು. ಗ್ರಾಫ್ಟ್‌ನ ತುದಿಯಿಂದ ಸೋರಿದರೆ ಟೈಪ್ ಒಂದು, ಅದು ಕೂಡಲೇ ಸರಿಪಡಿಸಬೇಕಾದದ್ದು. ಟೈಪ್ ಎರಡು ಅಂದರೆ ಬೆನ್ನಿನ ಸಣ್ಣ ಕವಲುಗಳಿಂದ ಹಿಮ್ಮುಖವಾಗಿ ಬರುವ ರಕ್ತ. ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ, ಬಹಳಷ್ಟು ಸಲ ತಾನಾಗಿಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಚೀಲ ದೊಡ್ಡದಾಗದಿದ್ದರೆ ಮುಟ್ಟುವುದಿಲ್ಲ. ವರ್ಷ ತುಂಬಿದಾಗ ತೆಗೆದ ಸಿಟಿಯಲ್ಲಿ ಆ ಬಿಳಿ ಇರಲಿಲ್ಲ. ಚೀಲ 5.6ರಿಂದ 4.9ಕ್ಕೆ ಇಳಿದಿತ್ತು. ಹೆಂಡತಿ ರಿಪೋರ್ಟ್ ಕೈಗೆ ತೆಗೆದುಕೊಂಡು ಆ ಸಂಖ್ಯೆಯನ್ನು ತಾನೇ ಓದಿದಳು. ಇನ್ನು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್, ಐದು ವರ್ಷಕ್ಕೊಮ್ಮೆ ಸಿಟಿ, ನಡುವೆ ಚೀಲ ಬೆಳೆದರೆ ಮುಂಚೆ.

ಬ್ರಿಟನ್ನಿನಲ್ಲಿ ಗಂಡಸರಿಗೆ 65 ತುಂಬುವ ವರ್ಷ ಕಾಗದ ಬರೆದು ಕರೆದು ಒಂದು ಅಲ್ಟ್ರಾಸೌಂಡ್ ಮಾಡುತ್ತಾರೆ. ಅಮೆರಿಕದಲ್ಲಿ 65ರಿಂದ 75ರ ನಡುವಿನ, ಎಂದಾದರೂ ಸಿಗರೇಟು ಸೇದಿದ ಗಂಡಸರಿಗೆ ಒಮ್ಮೆ ಮಾಡಿಸಿ ಅನ್ನುತ್ತಾರೆ. ನಮ್ಮ ದೇಶದಲ್ಲಿ ಹಾಗೆ ಕರೆದು ಮಾಡುವ ರಾಷ್ಟ್ರೀಯ ವ್ಯವಸ್ಥೆ ಇಲ್ಲ. ನಮ್ಮ ಕಾರ್ಖಾನೆಯ ನಿವೃತ್ತರು ಸಂಜೆ ಸೇರುವ ಕಟ್ಟೆಯಲ್ಲಿ ಕೂತವರಲ್ಲಿ ಬೀಡಿ ಸೇದದವರನ್ನು ಹುಡುಕಬೇಕು. ಅವರಿಗೆಲ್ಲ ನಾನು ಹೇಳಿದ್ದು ಸಿಟಿ ಮಾಡಿಸಿ ಅಂತಲ್ಲ. ಹೊಟ್ಟೆಗೆ ಒಂದು ಅಲ್ಟ್ರಾಸೌಂಡ್, ಅಯೋರ್ಟಾ ಅಗಲ ಬರೆಯಿರಿ ಅಂತ ಬಾಯಿಬಿಟ್ಟು ಕೇಳಿ. ಕೆಲವೇ ನಿಮಿಷ, ಡೈ ಇಲ್ಲ, ವಿಕಿರಣ ಇಲ್ಲ. ಇರುವುದು ಗೊತ್ತಿದ್ದವರಿಗೆ ಇದ್ದಕ್ಕಿದ್ದಂತೆ ಬೆನ್ನಲ್ಲೋ ಹೊಟ್ಟೆಯಲ್ಲೋ ತಡೆಯಲಾರದ ನೋವು, ಬೆವರು, ತಲೆಸುತ್ತು ಬಂದರೆ ಸ್ಕ್ಯಾನಿಂಗ್ ಸೆಂಟರ್ ಕಡೆ ತಿರುಗಬೇಡಿ. ಸಿಟಿಯೂ ಸರ್ಜನ್ನೂ ಒಂದೇ ಕಟ್ಟಡದಲ್ಲಿರುವ ಆಸ್ಪತ್ರೆಗೆ ನೇರ ಹೋಗಿ, ಬಾಗಿಲಲ್ಲೇ ನಿಮ್ಮ ಅಳತೆ ಹೇಳಿ.

ಮೊದಲು ಹೋದವನು ನನ್ನ ತಮ್ಮ. ಸರ್ಜನ್ನೇ ಹೇಳಿದ್ದರು, ಒಡಹುಟ್ಟಿದವರನ್ನು ನೋಡಿಸಿ ಅಂತ. ಅವನಿಗೆ 3.4 ಬಂತು. ಬೀಡಿ ಕಟ್ಟು ಅವತ್ತೇ ಬಿಟ್ಟ. "ಅಣ್ಣ, ನಂಗೂ ಸಿಟಿ ಮಾಡಿಸ್ಬಿಡೋಣ್ವಾ?" ಅಂತ ಕೇಳಿದ. ಬೇಡ ಅಂದೆ. ಡಾಕ್ಟರೂ ಅದನ್ನೇ ಅಂದರು. 3.4ಕ್ಕೆ ನಕ್ಷೆ ಬೇಕಿಲ್ಲ, ಬೆಳೆಯುತ್ತಿದೆಯಾ ಅಂತ ಗೊತ್ತಾದರೆ ಸಾಕು. ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್, ಆದಷ್ಟೂ ಅದೇ ಕಡೆ, ಅದೇ ಡಾಕ್ಟರಮ್ಮನ ಹತ್ತಿರ. ಅಳತೆಗೆ ಅಳತೆ ಹೋಲಿಸಬೇಕಲ್ವಾ.